ಹಂಡೆ ಔಟ್ ಡ ಮಾವ

ಚಕ್. ಚಕ್. ಚಕ್‌ಚಕ್.

ಹನ್ನೊಂದು ಮಚ್ಚುಗಳು ಹನ್ನೊಂದು ಮರದ ದಿಮ್ಮಿಗಳ ಮೇಲೆ ಬೀಳುತ್ತಿದ್ದವು. ಯಾವ ಸದ್ದು ಯಾರದೆಂದು ಹೊಂಬಾಳಮ್ಮ ಕಣ್ಣು ಮುಚ್ಚಿಕೊಂಡೇ ಹೇಳಬಲ್ಲಳು. ಮಲ್ಲಿಗಮ್ಮನದು ಒಂದೇ ಸಮ. ಗಂಡನ ಜೊತೆ ಜಗಳವಾಡಿ ಬಂದ ದಿನ ಮಾತ್ರ ಎರಡು ಪಟ್ಟು ಜೋರು. ಚಿಕ್ಕಬೋರಮ್ಮನದು ನಾಲ್ಕು ಏಟು, ಆಮೇಲೆ ಒಂದು ಮಾತು, ಮತ್ತೆ ನಾಲ್ಕು ಏಟು. ಮಾತು ಉದ್ದವಾಯಿತೆಂದರೆ ಹೊಂಬಾಳಮ್ಮ ತಲೆ ಎತ್ತದೆಯೇ, "ಬೋರಿ, ನಿನ್ನ ಮಚ್ಚು ನಿದ್ದೆ ಓಯ್ತೇನಮ್ಮಿ?" ಎನ್ನುವಳು.

ಮೂವತ್ತೆಂಟನೆಯ ಇಸವಿಯ ಮಾಗಿ. ಮಂಡ್ಯಕ್ಕೂ ಮದ್ದೂರಿಗೂ ನಡುವೆ, ನಾಲೆಯ ಮಗ್ಗುಲಲ್ಲಿ, ಒಂದು ಕಂಪನಿಯವರು ಹೊಸದಾಗಿ ಕಬ್ಬಿನ ತೋಟ ಎಬ್ಬಿಸುತ್ತಿದ್ದರು. ಬಿತ್ತನೆ ಕಬ್ಬನ್ನು ಮೂರು ಮೂರು ಕಣ್ಣಿನ ತುಂಡುಗಳಾಗಿ ಕಡಿದು ನೆಡುವುದು ಹೊಂಬಾಳಮ್ಮನ ಗುಂಪಿನ ಕೆಲಸ. ಎಲ್ಲರೂ ಮಳವಳ್ಳಿ ಕಡೆಯ ಹೆಂಗಸರು. ಅಲ್ಲಿ ಅವರ ಹೊಲಗಳಿಗೆ ನಾಲೆಯ ನೀರು ಇನ್ನೂ ಬಂದಿರಲಿಲ್ಲ. ಸುಗ್ಗಿ ಮುಗಿದರೆ ಒಬ್ಬಳು ಒಂದು ದಿಕ್ಕು, ಇನ್ನೊಬ್ಬಳು ಇನ್ನೊಂದು ದಿಕ್ಕು; ಮತ್ತೆ ಸೇರುವುದು ಯಾವಾಗಲೋ. ಈ ಸಲ ಹಾಗಾಗುವುದಿಲ್ಲವೆಂದು ಹೊಂಬಾಳಮ್ಮ ಮನೆಮನೆಗೆ ಹೋಗಿ ಮಾತು ಕೊಟ್ಟು ಕರೆತಂದಿದ್ದಳು. ತೋಟದವರು ಒಂದು ಗುಂಪನ್ನು ಖಾಯಂ ಆಗಿ ಇಟ್ಟುಕೊಂಡು, ಇರಲು ಸಾಲುಮನೆ ಕಟ್ಟಿಸಿಕೊಡುತ್ತಾರಂತೆ. ಆದರೆ ಒಂದೇ ಗುಂಪು. ಆ ಗುಂಪು ತನ್ನದಾಗಬೇಕು, ಅಷ್ಟೇ ಅವಳಿಗೆ ಬೇಕಾಗಿದ್ದದ್ದು.

ತೋಟದ ರೈಟರ್ ಲಿಂಗಯ್ಯನಿಗೆ ಬೇಕಾಗಿದ್ದದ್ದು ಬೇರೆ. ತನ್ನೂರಿನ ಹನ್ನೆರಡು ಮಂದಿ ಗಂಡಾಳುಗಳಿಗೆ ಅವನೂ ಮಾತು ಕೊಟ್ಟಿದ್ದ. ಅವನು ಕೆಟ್ಟವನೇನಲ್ಲ. ಮೊಣಕಾಲಿನವರೆಗೆ ಬರುವ ಕರಿಯ ಕೋಟು ಹಾಕಿಕೊಂಡು, ಬಿಸಿಲಿರಲಿ ಚಳಿಯಿರಲಿ ಬದುವಿನ ಮೇಲೇ ನಿಲ್ಲುವ ಮನುಷ್ಯ. ಮಣ್ಣಿಗೆ ಇಳಿದದ್ದನ್ನು ಕಂಡವರಿಲ್ಲ.

ಇವರೆಲ್ಲರ ಮೇಲೆ ಒಬ್ಬ ಸಾಹೇಬ. ಜಾವಾ ದ್ವೀಪದಿಂದ ಹೊಸ ತಳಿಯ ಕಬ್ಬು ತರಿಸಿದಾಗ ಅದರ ಹಿಂದೆಯೇ ಬಂದ ಡಚ್ಚರವನು, ವಾನ್ ಡೆರ್ ಮೀರ್ ಅಂತ ಹೆಸರು. ಹೆಸರಿನ ಮುಂಭಾಗ ಯಾರ ನಾಲಗೆಗೂ ಹತ್ತಲಿಲ್ಲ. ಮೀರ್ ಸಾಹೇಬರು ಎಂದೇ ಆಯಿತು. ಮದ್ದೂರಿನ ಒಂದೆರಡು ಸಾಬರ ಮನೆಯವರು ಇವರು ನಮ್ಮವರೇ ಎಂದು ತಿಳಿದು ರಂಜಾನಿಗೆ ಶೀರ್‌ಕುರ್ಮ ಕಳಿಸಿದ್ದರು. ಸಾಹೇಬರು ಎರಡು ಬಟ್ಟಲು ಕುಡಿದು, ಮುಂದಿನ ಹಬ್ಬ ಯಾವಾಗ ಎಂದು ಕೇಳಿ ಕಳಿಸಿದರಂತೆ. ಅವರಿಗೆ ಬರುತ್ತಿದ್ದ ಕನ್ನಡ ಒಂಬತ್ತು ಮಾತು. ಉಳಿದದ್ದನ್ನು ಇಂಗ್ಲಿಷಿನಲ್ಲಿ ಲಿಂಗಯ್ಯನಿಗೆ ಹೇಳುವರು. ಮನಸ್ಸು ಹಗುರಾದಾಗ ಮಾತ್ರ ಅವರ ತಾಯಿನುಡಿ ತಾನಾಗಿ ಹೊರಗೆ ಬರುತ್ತಿತ್ತು.

ಆ ಬೆಳಿಗ್ಗೆ ಹಾಗೆಯೇ ಬಂತು. ಸಾಹೇಬರು ಸೈಕಲ್ಲಿನಿಂದ ಇಳಿದು, ಮಂಜಿನಲ್ಲಿ ಮುದುರಿಕೊಂಡು ಕೂತಿದ್ದ ಹೆಂಗಸರನ್ನು ನೋಡಿ, ಎರಡು ಸಲ ಚಪ್ಪಾಳೆ ತಟ್ಟಿ, ನಗುತ್ತಾ ಕೂಗಿದರು: "ಹಂಡೆ ಔಟ್ ಡ ಮಾವ!"

ಮಚ್ಚುಗಳು ನಿಂತವು.

"ಏನಂದ್ರು?" ಎಂದಳು ಮಲ್ಲಿಗಮ್ಮ.

"ಅಂಡೆ ಔಟು ಅಂದ್ರು."

"ಔಟು ಅಂದ್ರೆ ಆಚ್ಗೆ. ಸಕ್ರೆ ಮಿಲ್ಲಿನ ಗೇಟ್ನೋನು ದಿನಾ ಕೂಗ್ತಾನಲ್ಲ."

"ಮತ್ತೆ ಮಾವ ಯಾರಮ್ಮಿ?"

"ಯಾರ್ನೋ ಕರೀತಾವ್ರೆ," ಎಂದಳು ಚಿಕ್ಕಬೋರಮ್ಮ. "ಸಂಬಂದ ಬೆಳ್ಸಾಕೆ ಬಂದಿರ್ಬೌದು. ಬಣ್ಣ ಏನೋ ಚೆಂದಾಗೈತೆ, ಯಾರಾರ ಒಪ್ಕೊಳ್ರಿ."

ಹಂಡೆ ಎನ್ನುವುದರಲ್ಲಿ ಅವರಿಗೆ ಅನುಮಾನವಿರಲಿಲ್ಲ. ಕಬ್ಬಿನ ತುಂಡುಗಳನ್ನು ನೆಡುವ ಮುಂಚೆ ಸುಣ್ಣದ ನೀರಿನಲ್ಲಿ ನೆನೆಸಬೇಕೆಂದು ಸಾಹೇಬರೇ ಎರಡು ದೊಡ್ಡ ತಾಮ್ರದ ಹಂಡೆ ಇಡಿಸಿದ್ದರು. ಹೊಂಬಾಳಮ್ಮ ಲಿಂಗಯ್ಯನ ಮುಖ ನೋಡಿದಳು. ಲಿಂಗಯ್ಯನಿಗೂ ತಿಳಿದಿರಲಿಲ್ಲ, ಅದು ಇಂಗ್ಲಿಷಲ್ಲ. ಆದರೆ ತಿಳಿಯಲಿಲ್ಲ ಎಂದು ಒಪ್ಪಿಕೊಂಡರೆ ಕೋಟಿನ ಮರ್ಯಾದೆ ಏನಾಗಬೇಕು? ಹೌದೆಂದೂ ಅಲ್ಲವೆಂದೂ ಎರಡಕ್ಕೂ ಹೊಂದುವಂತೆ ತಲೆ ಆಡಿಸಿದ.

ನಾಲ್ವರು ಹೆಂಗಸರು ಹಂಡೆಗಳ ಬಳೆಗಳಿಗೆ ಬಿದಿರ ಗಳ ತೂರಿಸಿ, ಹೊತ್ತುಕೊಂಡು ಆಚೆಗೆ ಹೋಗಿ, ಸುಣ್ಣದ ನೀರನ್ನು ನೆನೆಯುತ್ತಿದ್ದ ತುಂಡುಗಳ ಸಮೇತ ಬದುವಿನ ಕೆಳಗೆ ಸುರಿದು ಬಂದರು. ಹಿಂದಿನ ದಿನದ ದುಡಿಮೆಯೆಲ್ಲ ಕೆಸರಿನಲ್ಲಿ ಬಿದ್ದಿತ್ತು. ಸಾಹೇಬರ ನಗು ಇಳಿಯಿತು. ಲಿಂಗಯ್ಯನ ಕಡೆ ತಿರುಗಿ ಏನೋ ಕೇಳಿದರು, ಲಿಂಗಯ್ಯ ಉದ್ದವಾಗಿ ಏನೋ ಹೇಳಿದ. ಸಾಹೇಬರು ಸೈಕಲ್ ಹತ್ತಿದರು.

"ನೋಡಮ್ಮಿ ಹೊಂಬಾಳಿ," ಎಂದ ಲಿಂಗಯ್ಯ, ಅವರು ಮರೆಯಾದ ಮೇಲೆ. "ಹೇಳೋದೊಂದು, ನೀವು ಮಾಡೋದೊಂದು. ಮಾತು ತಿಳೀದ ಆಳು ನಮಗೆ ಬ್ಯಾಡ ಅಂತಾರೆ. ಸಂತೆ ದಿನದವರೆಗೂ ನೋಡ್ತಾರಂತೆ. ಆಮೇಲೆ ನಮ್ಮೂರ ಆಳು ಬತ್ತವೆ."

"ಅವ್ರು ಅಂದಿದ್ದಾದ್ರೂ ಏನು, ರೈಟ್ರೆ?"

"ಅದನ್ನೆಲ್ಲ ನಿಂಗೆ ಬುಡ್ಸಿ ಹೇಳಕಾಗ್ತದಾ?" ಎಂದು ಅವನು ಕೋಟು ಕೊಡವಿಕೊಂಡು ಹೋದ.

ಸಂತೆಗೆ ಇನ್ನು ನಾಲ್ಕು ದಿನ. ಆ ಮಧ್ಯಾಹ್ನ ಮುದ್ದೆ ಮುರಿಯುತ್ತಾ ಹೊಂಬಾಳಮ್ಮ ಅದನ್ನೇ ಯೋಚಿಸಿದಳು. ಕೆಲಸ ಬಾರದು ಎಂದಿದ್ದರೆ ಮಾಡಿ ತೋರಿಸಬಹುದಿತ್ತು. ಮಾತು ಬಾರದು ಎಂದರೆ ಮಾತನ್ನೇ ಕಲಿಯಬೇಕು. ಎಲ್ಲಿ ಕಲಿಯುವುದು?

ನಾಲೆಯ ದಡದಲ್ಲಿ ನೀರೆತ್ತುವ ಎಂಜಿನ್ ನೋಡಿಕೊಳ್ಳುತ್ತಿದ್ದವನು ಮೆಹಬೂಬ್ ಪಾಷಾ. ಶಿವನಸಮುದ್ರದ ಕರೆಂಟು ಮನೆಯಲ್ಲಿ ಹತ್ತು ವರ್ಷ ದುಡಿದು, ದೊರೆಗಳ ಇಂಗ್ಲಿಷನ್ನು ಎಣ್ಣೆಯ ಜಿಡ್ಡಿನ ಜೊತೆಗೇ ಮೈಗೆ ಹತ್ತಿಸಿಕೊಂಡು ಬಂದವನು. ಸಾಹೇಬರ ಮೋಟಾರನ್ನು ರಿಪೇರಿ ಮಾಡುವವನೂ ಅವನೇ; ಆಗಲೂ ಅದು ಅವನ ಬಳಿಯೇ ಇತ್ತು. ಹೊಂಬಾಳಮ್ಮ ಅವನ ಮುಂದೆ ಕೂತು ನಡೆದದ್ದನ್ನೆಲ್ಲ ಹೇಳಿದಳು. ಅವನು ನಕ್ಕೂ ನಕ್ಕೂ ಸ್ಪ್ಯಾನರನ್ನು ಕಾಲ ಮೇಲೆ ಬೀಳಿಸಿಕೊಂಡ.

"ನಗ್ಬೇಡ ಪಾಸಣ್ಣ. ನಮ್ಮ ಅನ್ನೊಂದು ಮನೆ ಒಲೆ ಆ ಮಾತ್ನಾಗೈತೆ."

"ಸರಿ ತಾಯಿ. ಇವತ್ತು ಸಾಯಂಕಾಲ ಗಾಡಿ ಬಿಡೋಕೆ ಹೋಗ್ತೀನಿ. ಕೇಳ್ಕೊಂಡು ಬರ್ತೀನಿ."

ಮರುದಿನ ಅವನು ಮಾತಿನಲ್ಲಿ ಹೇಳಲಿಲ್ಲ, ಮಾಡಿ ತೋರಿಸಿದ. ತನ್ನ ಉದ್ದ ತೋಳಿನ ಅಂಗಿಯೊಳಕ್ಕೆ ಎರಡು ಕೈಗಳನ್ನೂ ಎಳೆದುಕೊಂಡು ಮೊಂಡುಗೈಯವನ ಹಾಗೆ ನಿಂತ. ಆಮೇಲೆ ಫಕ್ಕನೆ ಎರಡನ್ನೂ ಆಚೆಗೆ ಚಾಚಿದ.

"ಹಂಡೆ ಅಂದ್ರೆ ಕೈ. ಮಾವ ಅಂದ್ರೆ ಅಂಗಿ ತೋಳು. ಕೈ ತೋಳಿನಿಂದ ಆಚೆ ಬರಲಿ, ಕೆಲಸಕ್ಕೆ ಬೀಳೋಣ, ಅಂತ. ಬೈಗುಳ ಅಲ್ಲ ಹೊಂಬಾಳಮ್ಮ. ಅವರ ಊರಲ್ಲಿ ದಿನಾ ಎಲ್ಲರೂ ಅಂತಾರಂತೆ."

ಹೊಂಬಾಳಮ್ಮ ತನ್ನ ಕೈಗಳನ್ನು ನೋಡಿಕೊಂಡಳು. ಕುಪ್ಪಸದ ತೋಳು ಮೊಣಕೈಗಿಂತ ಒಂದು ಗೇಣು ಮೇಲೆಯೇ ಮುಗಿದಿತ್ತು. ಅಲ್ಲಿಂದ ಕೆಳಗೆ ಕಬ್ಬಿನ ಸೋಗೆ ಗೀರಿದ ಗೆರೆಗಳು, ಸುಣ್ಣ ತಿಂದ ಬೆರಳುಗಳು.

"ನಮ್ಮ ಕೈ ಯಾವತ್ತಣ್ಣ ಒಳ್ಗಿತ್ತು?"

"ಅವರ ಊರಲ್ಲಿ ಚಳಿ ಜಾಸ್ತಿ. ತೋಳು ಉದ್ದ. ಒಳಗೆ ಸೇರಿಸ್ಕೊಂಡು ನಿಂತುಬಿಡ್ತಾರೆ."

"ಓ," ಎಂದಳು. "ನಾವು ಸೆರಗ ಸಿಗಿಸ್ಕೊಳಿ ಅಂತೀವಲ್ಲ, ಅಂಗೆ. ಅಷ್ಟೇಯಾ? ಅದ್ಕೆ ನಾವು ಅಂಡೆ ಒತ್ಕೊಂಡು ಓದ್ವಲ್ಲ." ಈಗ ಅವಳಿಗೂ ನಗು ಬಂತು. "ಎಲ್ಲಿ, ಯೋಳ್ಕೊಡು. ಅಂಡೆ ಔಟ್ ಡ ಮಾವ."

"ಅಂಡೆ ಅಲ್ಲ, ಹಂಡೆ."

"ನಾನಂದದ್ದೂ ಅದೇಯ. ಅಂಡೆ."

"ಹ. ಹ. ಅಂಡೆ ಅಂದ್ರೆ ನಮ್ಮ ಮಾತಲ್ಲಿ ಮೊಟ್ಟೆ ಕಣಮ್ಮ. ಮೊಟ್ಟೆ ಆಚೆ ಹಾಕು ಮಾವ ಅಂದಂಗಾಗ್ತದೆ."

ಹೊಂಬಾಳಮ್ಮ ಎದೆಯಿಂದ ಉಸಿರು ತಂದು ಹಕಾರ ಎಳೆದಳು. "ಹ್ಹ್... ಅಂಡೆ." ಮಳವಳ್ಳಿ ನಾಲಗೆಗೆ ಹಕಾರ ಎಂದರೆ ಗಾಳಿಗೆ ಇಟ್ಟ ದೀಪ, ಹಚ್ಚುವಷ್ಟರಲ್ಲೇ ಆರುತ್ತದೆ. ಮೆಹಬೂಬ್ ಪಾಷಾ ಸೋತು ಎಂಜಿನ್ನಿನ ಕಡೆ ತಿರುಗಿದ. "ಮೊಟ್ಟೆನೇ ಇರಲಿ ಬಿಡಿ. ಸಾಹೇಬರು ಅರ್ಥ ಮಾಡ್ಕೋತಾರೆ."

ಮಾತನ್ನು ಕಲಿಯುವುದು ಒಂದು, ಅದನ್ನು ಎಲ್ಲಿ ಆಡಬೇಕೆಂದು ಕಲಿಯುವುದು ಇನ್ನೊಂದು. ಅಂದು ಸಂಜೆ ಗಂಡ ಮಾದಯ್ಯ ಗೊಬ್ಬರದ ಗಾಡಿ ಬಿಟ್ಟು ಬಂದು ಗೋಡೆಗೆ ಒರಗಿದ್ದ. ಹೊಂಬಾಳಮ್ಮ ಒಲೆಯ ಮುಂದಿನಿಂದಲೇ, ಸೌದೆ ಬೇಕು ಎನ್ನುವ ಬದಲು, "ಅಂಡೆ ಔಟ್ ಡ ಮಾವ" ಎಂದಳು. ಮದುವೆಯಾಗಿ ಇಪ್ಪತ್ತು ವರ್ಷದ ಮೇಲೆ ಹೆಂಡತಿಯ ಬಾಯಲ್ಲಿ ಮಾವ ಎಂದು ಕೇಳಿ ಮಾದಯ್ಯ ನೆಟ್ಟಗೆ ಕೂತು, ತಲೆಗೂದಲು ಸವರಿಕೊಂಡ. ಅರ್ಥ ಬಿಡಿಸಿ ಹೇಳಿದ ಮೇಲೆ ಅವನಿಗೆ ಕೋಪ ಬಂತು.

"ನಾನು ಬೆಳಗಿಂದ ಏಳು ಗಾಡಿ ಒಡ್ದಿವ್ನಿ. ಅಂಗಿ ಗೂಟದ ಮ್ಯಾಲೈತೆ. ಯಾವ ತೋಳಿಂದ ಕೈ ತೆಗೀಲಿ?"

ಅವನು ಹೇಳಿದ್ದು ಸರಿ. ಅವಳೇ ಹೋಗಿ ಸೌದೆ ತಂದಳು. ಮಾರನೆಯ ದಿನ ಜ್ವರ ಬಂದು ತಡವಾದ ಮಲ್ಲಿಗಮ್ಮನ ಮೇಲೆ ಪ್ರಯೋಗಿಸಿದಾಗ, ಅವಳು ಮಚ್ಚು ಹಿಡಿದು ಕಣ್ಣೊರೆಸಿಕೊಂಡಳು. ದುಡಿದು ದಣಿದವರ ಮೇಲೆ ಬಿದ್ದರೆ ಈ ಮಾತು ಬೆತ್ತದ ಹಾಗೆ ಎಂದು ಹೊಂಬಾಳಮ್ಮನಿಗೆ ಆಗ ಹೊಳೆಯಿತು. ಇದು ಉದ್ದ ತೋಳಿನವರಿಗೆ ಆಡುವ ಮಾತು. ಆಡಬೇಕಾದರೆ ಆಡುವವರ ಕೈಗೂ ಮಣ್ಣು ಹತ್ತಿರಬೇಕು. ಆಮೇಲೆ ಅವಳು ಅದನ್ನು ಬಾಯಿಂದ ಹೊರಡಿಸಲಿಲ್ಲ. ಹೊಸದಾಗಿ ಕೊಂಡ ಕಂಚಿನ ಚೊಂಬಿನ ಹಾಗೆ ಎತ್ತಿಟ್ಟಳು.

ಸಂತೆಯ ದಿನ ಬಂತು. ಮೇಲಿನ ತಾಕನ್ನು ಅಂದೇ ನೆಟ್ಟು ಮುಗಿಸಿ, ಸಾಲುಗಳಿಗೆ ನೀರು ಕೊಡಬೇಕು. ಬೆಳಗಿನ ಮಂಜಿನಲ್ಲೇ ಹೆಂಗಸರು ಶುರುಮಾಡಿದರು. ಸಾಹೇಬರೂ ಬಂದರು, ಲಿಂಗಯ್ಯನೂ ಬಂದ. ಅವನ ಊರಿನ ಹನ್ನೆರಡು ಮಂದಿ ಹುಣಸೆಮರದ ಕೆಳಗೆ ಬೀಡಿ ಹಚ್ಚಿ ಕೂತರು. ಮೆಹಬೂಬ್ ಪಾಷಾ ಎಂಜಿನ್ ಶುರುಮಾಡಿದ. ಕಾಲುವೆ ತುಂಬಿ ನೀರು ಮೆಲ್ಲಗೆ ಹರಿಯತೊಡಗಿತು.

ಬಿಸಿಲು ಮೂಡುವ ಹೊತ್ತಿಗೆ ಮೇಲಿನ ಬದು ಒಡೆಯಿತು. ಯಾವುದೋ ಇಲಿಯ ಬಿಲವಿರಬೇಕು. ಮೊದಲು ಬೆರಳಷ್ಟು, ಆಮೇಲೆ ತೋಳಷ್ಟು, ಆಮೇಲೆ ಎಮ್ಮೆಯೇ ನುಗ್ಗಿದಂತೆ ನೀರು ಸಾಲುಗಳೊಳಕ್ಕೆ ಬಂತು. ಆಗಷ್ಟೇ ಊರಿದ್ದ ಜಾವಾದ ತುಂಡುಗಳು ಮಣ್ಣಿನಿಂದ ಎದ್ದು ತೇಲಿದವು. ಪಾಷಾ ಎಂಜಿನ್ ನಿಲ್ಲಿಸಿದ. ಕಾಲುವೆಯಲ್ಲಿ ತುಂಬಿದ್ದ ನೀರು ನಿಲ್ಲಲಿಲ್ಲ. ಹೊಂಬಾಳಮ್ಮ ಒಡಕಿಗೆ ತನ್ನ ಮೈಯನ್ನೇ ಅಡ್ಡ ಕೊಟ್ಟು ಕೂತಳು. ಐವರು ಮಣ್ಣು ಹೊತ್ತು ತಂದು ಸುರಿದರು. ಉಳಿದವರು ಮೊಣಕಾಲುದ್ದದ ಕೆಸರಿನಲ್ಲಿ ತುಂಡುಗಳ ಹಿಂದೆ ಓಡಿದರು. ಕೈಗಳು ಸಾಲದಾದವು.

ಹೊಂಬಾಳಮ್ಮ ತಲೆ ಎತ್ತಿದಳು. ಬದುವಿನ ಮೇಲೆ ಲಿಂಗಯ್ಯ ನಿಂತಿದ್ದ. ಚಳಿಗೆ ಎಡಗೈಯನ್ನು ಬಲದೋಳಿನಲ್ಲೂ ಬಲಗೈಯನ್ನು ಎಡದೋಳಿನಲ್ಲೂ ತೂರಿಸಿಕೊಂಡು, ಕೋಟಿಗೆ ಕೈಗಳೇ ಇಲ್ಲದವನಂತೆ, "ಅಲ್ಲಿ ಹಿಡೀರಿ, ಇಲ್ಲಿ ಹಿಡೀರಿ" ಎನ್ನುತ್ತಿದ್ದ.

ಎತ್ತಿಟ್ಟ ಮಾತು ತಾನಾಗಿಯೇ ಬಂತು.

"ಅಂಡೆ ಔಟ್ ಡ ಮಾವ," ಎಂದು ಅವಳು ಮಳವಳ್ಳಿಗೆ ಕೇಳಿಸುವಂತೆ ಕೂಗಿದಳು.

ಹೆಂಗಸರು ಕೆಸರಿನಲ್ಲೇ ನಿಂತು ನಕ್ಕರು. ಲಿಂಗಯ್ಯ ಕೆಂಪಾದ, ಹತ್ತಾರು ಜನರ ಮುಂದೆ ತನ್ನನ್ನು ಮಾವ ಎಂದದ್ದಷ್ಟೇ ಅವನಿಗೆ ತಿಳಿದದ್ದು. ಆದರೆ ಅವನ ಪಕ್ಕದಲ್ಲಿದ್ದ ಸಾಹೇಬರು ಬೆಚ್ಚಿದಂತೆ ತಿರುಗಿದರು. ಏಳು ಸಮುದ್ರದಾಚೆ ಅವರ ಮನೆಯಂಗಳದಲ್ಲಿ ಯಾರೋ ಕೂಗಿದ ಹಾಗೆ ಅನ್ನಿಸಿರಬೇಕು. ಆ ಮಾತು ಯಾರಿಗೆಂದು ಅವರು ಕೇಳಲಿಲ್ಲ. ಬಿಳಿಯ ಅಂಗಿಯ ತೋಳುಗಳನ್ನು ಮೊಣಕೈವರೆಗೆ ಮಡಚಿ, ಬೂಟುಗಾಲಲ್ಲೇ ಕೆಸರಿಗೆ ಇಳಿದು, ತೇಲುತ್ತಿದ್ದ ತುಂಡುಗಳನ್ನು ಬಾಚಿಕೊಳ್ಳತೊಡಗಿದರು. ಸಾಹೇಬರೇ ಇಳಿದ ಮೇಲೆ ರೈಟರ್ ಎಷ್ಟು ಹೊತ್ತು ನಿಂತಾನು? ಕೋಟನ್ನು ಕಳಚಿ ಹುಣಸೆಮರದ ಕೊಂಬೆಗೆ ನೇತುಹಾಕಿ ಅವನೂ ಇಳಿದ. ಅವನ ಹಿಂದೆ, ಬೀಡಿ ಆರಿಸಿ, ಆ ಹನ್ನೆರಡು ಮಂದಿಯೂ ಇಳಿದರು. ಬದು ನಿಂತಿತು. ಕೋಟಿಲ್ಲದ ಲಿಂಗಯ್ಯ ಮಣ್ಣು ಹೊರುವುದರಲ್ಲಿ ನಿಪುಣನೆಂದು ಅವತ್ತೇ ಎಲ್ಲರಿಗೂ ತಿಳಿದದ್ದು. ರೈತನ ಮಗ ತಾನೆ.

ಮಧ್ಯಾಹ್ನ ದಾಟುವ ಹೊತ್ತಿಗೆ ಮೇಲಿನ ತಾಕಿನಲ್ಲಿ ಉಳಿದದ್ದು ನಾಲ್ಕು ಸಾಲು. ಸಾಹೇಬರು ಲಿಂಗಯ್ಯನ ಜೊತೆ ಸ್ವಲ್ಪ ಹೊತ್ತು ಮಾತಾಡಿ, ಹೊಂಬಾಳಮ್ಮನ ಕಡೆ ನೋಡಿ ಟೋಪಿ ಮುಟ್ಟಿ, ಮೋಟಾರು ಹತ್ತಿದರು. ಲಿಂಗಯ್ಯ ಬದುವಿನ ಮೇಲೆ ನಿಂತಿದ್ದ ಅವಳ ಹತ್ತಿರ ಬಂದ. ಮೀಸೆಯಲ್ಲಿ ಮಣ್ಣು ಒಣಗಿತ್ತು.

"ಕೇಳಮ್ಮಿ. ನಿಮ್ಮ ಗುಂಪು ಖಾಯಂ ಅಂತೆ. ಸಾಲುಮನೆ ಯುಗಾದಿ ಹೊತ್ಗೆ ಆಯ್ತದೆ. ನಿನ್ನ ಮೇಸ್ತ್ರಿ ಅಂತ ಬರ್ಕೊ ಅಂದ್ರು."

ಹೊಂಬಾಳಮ್ಮ ಸಾಲುಗಳ ಉದ್ದಕ್ಕೂ ಬಾಗಿದ್ದ ಹತ್ತು ಬೆನ್ನುಗಳನ್ನು ಒಂದೊಂದಾಗಿ ನೋಡಿದಳು. ಎಲ್ಲವೂ ಇದ್ದವು.

"ಹೆಂಗಸು ಮೇಸ್ತ್ರಿ ಆಗಿದ್ದು ಈ ಸೀಮೇಲೇ ಇಲ್ಲ," ಎಂದು ಲಿಂಗಯ್ಯ ಮುಂದುವರಿಸಿದ. "ನಾನೇ ಅಂದೆ ಸಾಹೇಬ್ರಿಗೆ. ಈ ಹೊಂಬಾಳಿನ ನಾನು ಮೊದ್ಲಿಂದ ನೋಡ್ತಿದೀನಿ, ಬಲೇ ಗಟ್ಟಿಗಿತ್ತಿ ಅಂದೆ. ಅಲ್ಲ, ನಮ್ಮೂರ ಆಳುಗಳ್ನೂ ಬುಡಂಗಿಲ್ಲ, ಕಟಾವಿಗೆ ಅವ್ರನ್ನ ಕರ್ಕೊಳಾಣ ಅಂತಾನೂ ಅಂದೆ. ಅದ್ಕೆ ನಿನ್ನ ಒಪ್ಗೆ ಬೇಕಂತೆ. ಈಗ ಮೇಸ್ತ್ರಿ ಅಂದ್ಮೇಲೆ ಕೆಲವು ರೀತಿ ನೀತಿ ಅವೆ. ಮೊದಲ್ನೇದು, ನೀನು ಬದಿನ ಮ್ಯಾಲೇ ನಿಂತ್ಕೊಬೇಕು. ಕೆಳಗಿಳೀಬಾರ್ದು. ನಿಂತ್ಕೊಂಡು ಆಳುಗಳ್ನ..."

ಕೊನೆಯ ಸಾಲಿನ ತುದಿಯಲ್ಲಿ ನೀರು ಮತ್ತೆ ಮಿನುಗಿದಂತಾಯಿತು. ಮಲ್ಲಿಗಮ್ಮ ಒಬ್ಬಳೇ ಅಲ್ಲಿ ಬಗ್ಗಿ ಮಣ್ಣು ಎಳೆಯುತ್ತಿದ್ದಳು, ಜ್ವರ ಬಿಟ್ಟು ಇನ್ನೂ ಎರಡು ದಿನವಾಗಿರಲಿಲ್ಲ.

"...ಆಳುಗಳ್ನ ಕರೆದು ಯೋಳ್ಬೇಕೇ ಒರ್ತು, ನೀನೇ ಓಗಿ..." ಎನ್ನುತ್ತಿದ್ದ ಲಿಂಗಯ್ಯ. ಹೊಂಬಾಳಮ್ಮ ಆಗಲೇ ಬದುವಿನಿಂದ ಇಳಿದು, ಎರಡು ಸಾಲು ದಾಟಿ, ಮಲ್ಲಿಗಮ್ಮನ ಕಡೆಗೆ ನಡೆದಿದ್ದಳು.