ಹಾಳೆಯಷ್ಟು ಸಡಿಲು

ಮೊನ್ನೆ ರವಿವಾರ ಪೇಟೆಯ ಸಂದಿಯೊಂದರಲ್ಲಿ ಯಾರೋ ಸಾಗವಾನಿ ಕೊಯ್ಯುತ್ತಿದ್ದರು. ಆ ಹೊಟ್ಟಿನ ವಾಸನೆ ಬಂದದ್ದೇ ತಡ, ಕೈಚೀಲ ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಅನಗೋಳದ ನಮ್ಮ ಬಾಜು ಮನೆಯ ಚಾಚಾ ನೆನಪಾದರು. ಕಬ್ಬಿಣ ಎರಕ ಹೊಯ್ಯುವ ಫೌಂಡ್ರಿಗಳಿಗೆ ಕಟ್ಟಿಗೆಯ ಅಚ್ಚು ಮಾಡಿಕೊಡುತ್ತಿದ್ದವರು. ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅವರ ಅಂಗಿಯಿಂದ ಆ ವಾಸನೆ ಹೋಗಿರಲಿಲ್ಲ...

ಆಗ ನಾನು ಕೆಲಸ ಕಳೆದುಕೊಂಡು ಮನೆಯಲ್ಲಿದ್ದೆ. ಆಟಿಕೆ ಬ್ರಿಕ್ಸ್ ಜೋಡಿಸಿ ಯಂತ್ರ ಮಾಡುವುದನ್ನು ಮಕ್ಕಳಿಗೆ ಕಲಿಸುತ್ತೀರಾ ಎಂದು ಖಾನಾಪುರದ ಶಾಲೆಯೊಂದರವರು ಕೇಳಿದ್ದರು. ಮೊದಲು ಪಾಲಕರ ಮುಂದೆ ಒಂದು ಗಾಡಿ ಓಡಿಸಿ ತೋರಿಸಬೇಕು. ಅವರು ಒಪ್ಪಿದರೆ ಕ್ಲಾಸು ನನ್ನದು. ಜಂಬಕ್ಕೆ ಬಿದ್ದು ನಾನು ಬಕೆಟ್ಟಿನಲ್ಲಿ ಮಣ್ಣು ಎತ್ತುವ ಲೋಡರನ್ನೇ ಆರಿಸಿಕೊಂಡೆ. ಕಾರಿನ ಹಾಗೆ ಅದರ ಚಕ್ರ ಹೊರಳುವುದಿಲ್ಲ, ಇಡೀ ಗಾಡಿಯೇ ನಡುವಿನಲ್ಲಿ ಬಾಗಿ ತಿರುಗುತ್ತದೆ. ಆ ನಡುವಿನ ಕೀಲೇ ನನ್ನ ಜೀವ ತಿಂದಿತು. ಬಕೆಟ್ಟಿಗೆ ನಾಲ್ಕು ಕಲ್ಲು ಹಾಕಿದರೆ ಸಾಕು, ಗಾಡಿ ಎರಡು ತುಂಡು. ಕೊನೆಗೆ ತಲೆಕೆಟ್ಟು, ತೋರಿಸುವ ಹಿಂದಿನ ದಿನ ಕೀಲಿಗೆ ಅಂಟು ಸುರಿದೆ. ಕೀಲು ಗಟ್ಟಿಯಾಯಿತು, ತಿರುಗುವುದು ಮಾತ್ರ ನಿಂತೇಹೋಯಿತು.

ಕಟ್ಟೆಯ ಮೇಲೆ ಅಳುಮೋರೆ ಹಾಕಿಕೊಂಡು ಕುಳಿತವಳ ಕೈಯಿಂದ ಚಾಚಾ ಗಾಡಿ ಇಸಿದುಕೊಂಡರು. ತಿರುವಿ ನೋಡಿ, "ಗಟ್ಟಿ ಏನೋ ಆಗೇತಿ ಬೇಟಿ. ಆದ್ರ ಇದು ಸೀದಾ ಖಾನಾಪುರಕ್ಕ ಹೋಗೂದಷ್ಟ, ತಿರಗಿ ಮನಿಗೆ ಬರಂಗಿಲ್ಲ" ಅಂದರು. ಸಿಟ್ಟು ಬಂದದ್ದು ಖರೆ, ನಗುವೂ ಬಂತು.

ಅಂಟು ಹಿಡಿದ ಕೀಲನ್ನು ಕಿತ್ತುಹಾಕಿ, ಉಳಿದ ಬ್ರಿಕ್ಸ್ ತರಿಸಿಕೊಂಡು ಅಲ್ಲೇ ಕುಳಿತರು. "ಒಂದ ಕಡೆ ಹಿಡದೀಯಲಾ, ಅದಕ್ಕ ಮುರೀತೈತಿ. ಮ್ಯಾಲೊಂದು, ಕೆಳಗೊಂದು ಹಿಡೀಬೇಕು." ಮುಂದಿನ ಅರ್ಧಕ್ಕೆ ಎರಡು ತೋಳು, ಹಿಂದಿನ ಅರ್ಧದಿಂದ ಅವುಗಳ ನಡುವೆ ಒಂದು ನಾಲಿಗೆ, ಮೂರರಲ್ಲೂ ಹಾಯುವ ಒಂದು ಉದ್ದನೆಯ ಪಿನ್ನು. ಬಿಗಿಯುವ ಮುಂಚೆ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ತೋಳು-ನಾಲಿಗೆಗಳ ನಡುವೆ ಇಟ್ಟರು. ಬಿಗಿದಾದ ಮೇಲೆ ಮೆಲ್ಲನೆ ಎಳೆದು ತೆಗೆದರು, ತಿರುಗಲು ಹಾಳೆಯಷ್ಟು ಸಂದು ಉಳಿಯಿತು. ಕರಗಿಸಿ ಹೊಯ್ದ ಕಬ್ಬಿಣ ತಣ್ಣಗಾದರೆ ಕುಗ್ಗುತ್ತದಂತೆ, ಅದಕ್ಕೇ ಅಚ್ಚನ್ನು ಯಾವತ್ತೂ ಕೊಂಚ ದೊಡ್ಡದಾಗಿ ಮಾಡುತ್ತಾರಂತೆ. "ಜಾಗಾ ಬಿಡೂದು... ನಾ ಜಲ್ಮೆಲ್ಲಾ ಮಾಡಿದ್ದು ಇದ ಕೆಲ್ಸ" ಎಂದು ನಕ್ಕರು. ಆಮೇಲೆ ತಮ್ಮ ಮನೆಯ ಹಿತ್ತಾಳೆ ಬೀಗವನ್ನೇ ತಂದು ಭಾರಕ್ಕೆಂದು ಬಕೆಟ್ಟಿನಲ್ಲಿಟ್ಟರು. ಗಾಡಿ ಎಡಕ್ಕೂ ಬಾಗಿತು, ಬಲಕ್ಕೂ ಬಾಗಿತು.

ಮರುದಿನ ಖಾನಾಪುರದಲ್ಲಿ ಪಾಲಕರೊಬ್ಬರು, ನೋಡಿಯೇಬಿಡೋಣ ಎನ್ನುವ ಹಾಗೆ, ಬಕೆಟ್ಟು ಹಿಡಿದು ಇಡೀ ಗಾಡಿಯನ್ನು ಎತ್ತಿ ಅಲ್ಲಾಡಿಸಿದರು. ಕೀಲು ಜಪ್ಪಯ್ಯ ಅನ್ನಲಿಲ್ಲ. ಕ್ಲಾಸು ನನಗೆ ಸಿಕ್ಕಿತು.

ಸಂಜೆ ಕುಂದಾ ಒಯ್ದು ಕೊಟ್ಟೆ. ಸಕ್ಕರೆ ಕಾಯಿಲೆಯ ಚಾಚಾ, ಚಾಚಿ ಒಳಗೆ ಹೋದದ್ದೇ ತಡ ಎರಡು ಚಮಚ ಬಾಯಿಗಿಟ್ಟು, ನನಗೆ ಸುಮ್ಮನಿರು ಎಂದು ಕಣ್ಸನ್ನೆ ಮಾಡಿದರು.

ಅವರು ಹೋಗಿ ಎರಡು ವರ್ಷವಾಯಿತು. ಚಾಚಿ ಮಗಳ ಮನೆ ಸೇರಿದ್ದಾರೆ. ನನ್ನ ಕ್ಲಾಸು ಇನ್ನೂ ನಡೆದಿದೆ. ನಾನು ತಲೆಯೆತ್ತಿ ದುಡಿದು ತಿನ್ನುತ್ತಿದ್ದರೆ ಅದು ಅವರ ಉಪಕಾರ. ಬದುಕಿದ್ದಾಗ ಇಷ್ಟನ್ನು ಬಾಯಿಬಿಟ್ಟು ಹೇಳಲಿಲ್ಲ, ಕುಂದಾ ಕೊಟ್ಟು ಕೈತೊಳೆದುಕೊಂಡೆ...

ನಿನ್ನೆ ಬ್ರಿಕ್ಸಿನಲ್ಲಿ, ನಡು ಬಾಗುವ ಆರು ಚಕ್ರದ ಹೊಸ ಟಿಪ್ಪರ್ ಮುಗಿಸಿದೆ. ನಡುವಿನ ಕೀಲು ಎಷ್ಟು ಚಂದ ಕೂತಿತೆಂದರೆ, ಹಿಂದೆಮುಂದೆ ನೋಡದೆ ಎತ್ತಿಕೊಂಡು ಬಾಜು ಮನೆಗೆ ಹೋದೆ. ಹೊಸ ಬಾಡಿಗೆಯವರು ಬಾಗಿಲು ತೆಗೆದು, "ಏನ್ ಬೇಕಾಗಿತ್ರಿ ಅಕ್ಕಾರ?" ಅಂದರು.

"ಏನಿಲ್ರಿ" ಎಂದು ಗಾಡಿ ಎದೆಗವಚಿಕೊಂಡು ತಿರುಗಿ ಬಂದೆ.