ಗಿಣ್ಣದ ಹಾಲು, ಐಸ್‌ಬಾಕ್ಸು

ಪೋರ್ಟ್‌ಬ್ಲೇರ್‌ಗೆ ಬಂದ ಮರುದಿನ ಪಕ್ಕದ ಮನೆಗೆ ಹೋಗಿ ಒಂದು ಲೋಟ ಹಾಲು ಕೇಳಿದೆ. ಆ ಹೆಂಗಸು ಲೋಟ ಮುಟ್ಟಲೇ ಇಲ್ಲ. ಕಾಗದದ ಮೇಲೆ ಬಿಳಿ ಪುಡಿ ಹಾಕಿ, ಗುಡಿಯ ವಿಭೂತಿಯಂತೆ ಮಡಚಿ ಕೈಗಿಟ್ಟಳು. ದನಗಳ ಉಸಿರು ಕೇಳುತ್ತ ಮಲಗಿ ಬೆಳೆದವಳು ನಾನು. ಹಾಲು ಹಿಟ್ಟಿನಂತೆಯೂ ಇರುತ್ತದೆ ಎಂದು ನನಗೆ ಯಾರೂ ಹೇಳಿರಲಿಲ್ಲ.

ನನ್ನ ಯಜಮಾನರು ಈ ಅಂಡಮಾನಿನಲ್ಲಿ ರಸ್ತೆ ಕೆಲಸಕ್ಕೆ ಜೆಸಿಬಿ ನಡೆಸುತ್ತಾರೆ. ನನ್ನ ಓದು ಏಳನೆಯ ತರಗತಿಗೆ ನಿಂತಿತು. ತಿಳಿದಷ್ಟು ಬರೆಯುತ್ತೇನೆ. ಇಲ್ಲಿ ಸುತ್ತ ಎಲ್ಲಿ ನೋಡಿದರೂ ನೀರು, ನಲ್ಲಿಯಲ್ಲಿ ಮಾತ್ರ ದಿನ ಬಿಟ್ಟು ದಿನ. ನಮ್ಮ ಕಡೆಯೂ ನೀರಿಗೆ ಕಾಯುತ್ತೇವೆ, ಆದರೆ ಸಮುದ್ರ ನೋಡುತ್ತ ಕಾಯುವುದಿಲ್ಲ. ಊರಿಗೆ ಹೋಗುವುದನ್ನು ಇಲ್ಲಿಯವರು ‘ಮೇನ್‌ಲ್ಯಾಂಡಿಗೆ ಹೋಗುವುದು’ ಅನ್ನುತ್ತಾರೆ. ಸಮುದ್ರದಾಚೆಯ ಇಡೀ ದೇಶಕ್ಕೆ ಅದೊಂದೇ ಹೆಸರು. ಹಾಲಿನ ಪುಡಿ ಕೊಟ್ಟ ಹೆಂಗಸನ್ನು ಈಗ ‘ಬೌದಿ’ ಅನ್ನುತ್ತೇನೆ. ಬಂಗಾಳಿಯಲ್ಲಿ ಅಣ್ಣನ ಹೆಂಡತಿ, ನಮ್ಮ ವೈನಿ ಇದ್ದ ಹಾಗೆ. ನಾನು ರೊಟ್ಟಿ ಬಡಿಯುವ ಸಪ್ಪಳಕ್ಕೆ ಮೊದಲು ಬೆಚ್ಚಿ ಓಡಿಬಂದವಳು, ಈಗ ಸಪ್ಪಳ ಕೇಳಿ ತಟ್ಟೆ ಹಿಡಿದು ಬರುತ್ತಾಳೆ.

ಹೋದ ವರ್ಷ ರಜೆಗೆ ನಮ್ಮೂರು ಆಲಮೇಲಕ್ಕೆ, ಅಕ್ಕನ ಮನೆಗೆ ಹೋದಾಗ ಅವಳ ಆಕಳು ಕರು ಹಾಕಿತ್ತು. ಈದ ಆಕಳ ಮೊದಲ ಹಾಲು, ಗಿಣ್ಣದ ಹಾಲು, ನಮ್ಮಲ್ಲಿ ಮಾರುವುದಿಲ್ಲ. ನೆರೆಹೊರೆಗೆ ಹಂಚುತ್ತೇವೆ. ಪಡೆದವರು ಪಾತ್ರೆ ತೊಳೆಯದೆ, ನಾಲ್ಕು ಕಾಳು ಜೋಳ ಹಾಕಿ ತಿರುಗಿ ಕೊಡಬೇಕು. ಆ ಹಾಲು ಗಟಾರಕ್ಕೆ ಬಿದ್ದರೆ ಆಕಳ ಕೆಚ್ಚಲಿಗೆ ಕೇಡು ಅನ್ನುತ್ತಾರೆ. ಅಕ್ಕ ಎರಡು ಡಬ್ಬಿ ತುಂಬಿ ನನಗೂ ಕೊಟ್ಟಳು.

ಅದನ್ನು ಒಯ್ಯಲು ನಾನು ಕೊಂಡಿದ್ದು ಹೂವಿನ ಚಿತ್ರದ, ಒಳಗೆ ಬೆಳ್ಳಿಹಾಳೆಯ ಮೆತ್ತನೆಯ ಚೀಲ. ಕೈಗೆ ಹಗುರ, ಕಣ್ಣಿಗೆ ಚೆಂದ. ಅರ್ಧ ಹೆಪ್ಪುಗಟ್ಟಿದ ಡಬ್ಬಿಗಳ ಸುತ್ತ ಐಸ್ ಸುರಿದುಕೊಂಡು ಹೊರಟೆ. ಹೈದರಾಬಾದಿನ ವಿಮಾನ ನಿಲ್ದಾಣದಲ್ಲಿ ಚೀಲ ಸೋರುತ್ತಿತ್ತು. ಐಸ್ ತೆಗೆಯದೆ ಹೋಗುವಂತಿಲ್ಲ ಅಂದರು, ತೆಗೆದೆ. ಪೋರ್ಟ್‌ಬ್ಲೇರ್‌ನಲ್ಲಿ ಮುಚ್ಚಳ ತೆರೆದರೆ ಹುಳಿ ವಾಸನೆ. ಗಿಡದ ಬುಡಕ್ಕಾದರೂ ಹಾಕಬಹುದಿತ್ತು. ಸಿಟ್ಟಿನಲ್ಲಿ ಗಟಾರಕ್ಕೇ ಸುರಿದೆ.

ಅಕ್ಕ ಫೋನಿನಲ್ಲಿ ಕೇಳಿದಳು, “ಗಿಣ್ಣ ಹೆಂಗಾಗಿತ್ತಬೇ?”

“ಬಾಳ ಚೊಲೋ ಆಗಿತ್ತಕ್ಕಾ.”

ಕೆಲವು ದಿನಕ್ಕೆ ಆಕಳಿಗೆ ಕೆಚ್ಚಲು ಬಾವು ಬಂತು. ಡಾಕ್ಟರು ಸೂಜಿ ಹಾಕಿ ಉಳಿಸಿದರು, ಆದರೆ ಒಂದು ಮೊಲೆ ಬತ್ತಿತು. “ಯಾರೋ ಗಿಣ್ಣ ಚೆಲ್ಯಾರ ನೋಡ. ಆ ಬಾಜೂ ಮನಿ ಕಾಶವ್ವನ ಕೆಲಸ. ಪಾತ್ರೆ ತಿಕ್ಕಿ ತೊಳದು ಕೊಟ್ಟಾಳ ಅಕಿ!” ಅಂದಳು ಅಕ್ಕ ಫೋನಿನಲ್ಲಿ. ಕಾಶವ್ವ ಇಪ್ಪತ್ತು ವರ್ಷಗಳಿಂದ ಅವಳ ಗೆಳತಿ. ಇಬ್ಬರ ನಡುವೆ ಮಾತು ನಿಂತಿತು. ನಾನು “ಹೂಂ” ಅಂದೆ. ಬಾವು ಕೊಳೆಯಿಂದ ಬರುತ್ತದೆ ಎಂದು ಡಾಕ್ಟರು ಹೇಳಿದ್ದು ನಿಜವೇ ಇರಬಹುದು. ಆದರೆ ಆ “ಹೂಂ” ನನ್ನ ಬಾಯಿಂದಲೇ ಬಂದದ್ದು.

ಈ ವರ್ಷ ಆಕಳು ಮತ್ತೆ ಗಬ್ಬವಾಗಿತ್ತು. “ಬರೂ ಮುಂದ ಚೊಲೋ ಡಬ್ಬಿ ತಗೊಂಡ ಬಾ,” ಅಂದಳು ಅಕ್ಕ. ಬೌದಿ ಕೋಲ್ಕತ್ತದ ಮಗಳಿಗೆ ಮೀನು ಒಯ್ಯುವವಳು. ನನ್ನನ್ನು ಬಜಾರಿಗೆ ಕರೆದೊಯ್ದಳು. ಮೀನಿನವರ ಹಳೆಯ ಥರ್ಮಾಕೋಲ್ ಪೆಟ್ಟಿಗೆಯನ್ನು ನಾನೇ ಬೇಡವೆಂದೆ. ಎಷ್ಟು ತೊಳೆದರೂ ಅಕ್ಕನ ಮೂಗು ಕಂಡುಹಿಡಿಯುತ್ತದೆ. ದೊಡ್ಡದೊಂದನ್ನು ಎತ್ತಿದರೆ ಬೌದಿ ನಕ್ಕಳು: “ಖಾಲಿ ಜಾಗದಲ್ಲಿ ಸೆಕೆ ಸಂಸಾರ ಹೂಡುತ್ತೆ.” ಕೊನೆಗೆ ದಪ್ಪ ಗೋಡೆಯ, ಮುಚ್ಚಳಕ್ಕೆ ರಬ್ಬರು ಪಟ್ಟಿ ಇದ್ದ ಗಟ್ಟಿ ಸಣ್ಣ ಪೆಟ್ಟಿಗೆ ಕೊಂಡೆ. ಬಿಡಿ ಐಸ್ ಬೇಡ, ಸೋರದ ಜೆಲ್ ಪೊಟ್ಟಣ ಇಡು, ಹಾಲು ಕಲ್ಲಾಗುವ ತನಕ ಹೊರಡಬೇಡ, ನಡುವೆ ತೆರೆಯಬೇಡ ಅಂದಳು.

ರಜೆಗೆ ನಾನು ಊರಲ್ಲಿದ್ದಾಗಲೇ ಕರು ಹುಟ್ಟಿತು. ಅಕ್ಕ ಡಬ್ಬಿಗೆ ಹಾಲು ಸುರಿಯುವಾಗ ಅವಳ ಕೈ ಹಿಡಿದೆ. “ಅಕ್ಕಾ, ಹೋದ ವರ್ಷ ಚೆಲ್ಲಿದಾಕಿ ನಾನು. ಗಟಾರಕ್ಕ.”

ಅಕ್ಕ ಚೊಂಬು ಕೆಳಗಿಟ್ಟಳು. “ಹಾಲು ಕೆಟ್ಟರ ಕೆಡ್ತಿತ್ತ. ಒಂದ ಮಾತ ಹೇಳಿದ್ರ ನಿನ್ನ ಗಂಟೇನು ಹೋಗ್ತಿತ್ತು? ಕಾಶವ್ವನ ಮಗಳ ಸೀಮಂತಕ್ಕೂ ನಾ ಹೋಗಲಿಲ್ಲಲ್ಲಬೇ.” ಆಮೇಲೆ ಪಾತ್ರೆ ತುಂಬಿ ನನ್ನ ಕೈಗೆ ಕೊಟ್ಟಳು. “ನಡಿ. ನೀನ ಹೇಳ.”

ಕಾಶವ್ವ ತನ್ನ ಕಿರಾಣಿ ಅಂಗಡಿಯಲ್ಲಿ ಕೂತಿದ್ದಳು. ನಾನು ಹೇಳಿದ್ದನ್ನೆಲ್ಲ ಕೇಳಿ ನನ್ನನ್ನಲ್ಲ, ಹಿಂದೆ ನಿಂತ ಅಕ್ಕನನ್ನು ನೋಡಿದಳು.

“ಅಕಿ ಸಣ್ಣಾಕಿ, ಅಂಜಿ ಸುಳ್ಳ ಹೇಳ್ಯಾಳ. ನಿನಗೇನಾಗಿತ್ತ ದೊಡ್ಡಾಕಿಗೆ?”

“ತಪ್ಪಾತ ಕಾಶವ್ವಾ,” ಅಂದಳು ಅಕ್ಕ. “ಮತ್ತ ಪಾತ್ರೆ ಯಾಕ ತೊಳದಿದ್ದಿ?”

“ಇರುವಿ ಮುಕ್ಕರಿದ್ವು! ಇರುವಿ ಸಮೇತ ಕಳಸಬೇಕಿತ್ತೇನು?”

ಮೊದಲು ನಕ್ಕವಳು ಅಕ್ಕ. ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಕಾಶವ್ವ ಇಬ್ಬರಿಗೂ ಚಹಾಕ್ಕಿಟ್ಟಳು. ಆಮೇಲೆ ಅಂಗಡಿಯ ಫ್ರೀಜರಿನಲ್ಲಿ ಐಸ್‌ಕ್ರೀಮುಗಳನ್ನೆಲ್ಲ ಒಂದು ಮಗ್ಗುಲಿಗೆ ದಬ್ಬಿ ನನ್ನ ಹಾಲಿನ ಡಬ್ಬಿಗಳಿಗೆ ಜಾಗ ಮಾಡಿದಳು. “ನಾಡಿದ್ದಿನ ತನಕ ಇದನ್ನ ಯಾರೂ ಮುಟ್ಟಂಗಿಲ್ಲ,” ಎಂದು ಗಿರಾಕಿಗಳಿಗೂ ತಾಕೀತು ಮಾಡಿದಳು.

ಹೊರಡುವ ದಿನ ಬಸ್‌ಸ್ಟ್ಯಾಂಡಿಗೆ ಇಬ್ಬರೂ ಬಂದರು. ಪೆಟ್ಟಿಗೆಗೆ ಹಗ್ಗ ಹೇಗೆ ಬಿಗಿಯಬೇಕೆಂದು ಜಗಳಾಡುತ್ತಲೇ ಬಿಗಿದರು. ಪ್ರತಿ ಸಲ ಸಿಂದಗಿ ದಾಟುವ ತನಕ ನಾನು ಹಿಂದೆ ತಿರುಗಿ ನೋಡುತ್ತಿದ್ದೆ, ಬಸ್ಸು ಕೆಟ್ಟು ನಿಲ್ಲಲಿ ಅನ್ನಿಸುತ್ತಿತ್ತು. ಈ ಸಲ ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು, ಬಸ್ಸು ಬೇಗ ಹೋಗಲಿ, ಬೇಗ ಮನೆ ಮುಟ್ಟುವಂತಾಗಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಪೋರ್ಟ್‌ಬ್ಲೇರ್‌ನಲ್ಲಿ ತೆರೆದಾಗ ಡಬ್ಬಿಯ ನಡುವೆ ಹಾಲು ಇನ್ನೂ ಕಲ್ಲಿನಂತಿತ್ತು. ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟೆ. ಬೌದಿಗೆ ಕೊಟ್ಟು ಬಂದು ಊರಿಗೆ ವಿಡಿಯೊ ಕರೆ ಮಾಡಿದೆ. ಒಂದೇ ಫೋನಿನಲ್ಲಿ ಎರಡು ಮುಖ ತುರುಕಿಕೊಂಡಿದ್ದವು. ಮೂಡಲ ದಿಕ್ಕಿನ ಈ ದ್ವೀಪದಲ್ಲಿ ಹೊತ್ತು ಬೇಗ ಮುಳುಗುತ್ತದೆ, ನಾನಾಗಲೇ ದೀಪ ಹಚ್ಚಿದ್ದೆ. ಅವರ ಬೆನ್ನ ಹಿಂದೆ ಅಂಗಳದಲ್ಲಿ ಕರು ಬಿಸಿಲಿಗೆ ನಿಂತಿತ್ತು.

“ಅಷ್ಟ ಲಗೂನ ಕತ್ತಲಾತೇನಬೇ ನಿಮ್ಮಲ್ಲೆ?” ಅಂದಳು ಅಕ್ಕ.

“ಹೂಂ ಅಕ್ಕಾ, ನಮ್ಮಲ್ಲೆ ಹಿಂಗ,” ಅಂದೆ. ಅಂದ ಮೇಲೂ ಕಣ್ಣು ಆ ಬಿಸಿಲಿನಲ್ಲೇ ಇತ್ತು.