ತೆಳುಗಾಳಿಯ ಊರಿನ ಮಸ್ಟಾಂಗ್ ಮೇಸ್ತ್ರಿ

ಬೆಳಿಗ್ಗೆ ಆರು ಗಂಟೆ. ನೈರೋಬಿಯ ಹರ್ಲಿಂಗ್‌ಹ್ಯಾಮ್‌ನಲ್ಲಿ, ಕ್ಲಿನಿಕ್ಕುಗಳ ಸಾಲಿನ ಹಿಂದಿರುವ ತಗಡಿನ ಶೆಡ್ಡಿನಲ್ಲಿ ಗಂಗಾಧರ ಕಾರೊಂದರ ಬಾನೆಟ್ ಎತ್ತಿ ಇಂಜಿನ್ನಿನ ಮೇಲೆ ಅಂಗೈ ಊರುತ್ತಾರೆ. ಜುಲೈ ತಿಂಗಳ ಚಳಿಗೆ ಸ್ವೆಟರಿನ ಮೇಲೊಂದು ಸ್ವೆಟರ್. ಕಬ್ಬಿಣ ತಣ್ಣಗೆ ಕೊರೆಯುತ್ತಿದೆ. ಅವರಿಗೆ ಬೇಕಾದದ್ದೂ ಅದೇ.

"ಒಂದ್ ಸಲ ಬಿಸಿ ಆದ್ಮೇಲೆ ಎಲ್ಲಾ ಗಾಡಿನೂ ಒಳ್ಳೇದೇ ಸಾರ್. ತಣ್ಣಗಿದ್ದಾಗ ಹೆಂಗೆ ಏಳತ್ತೆ ನೋಡ್ಬೇಕು, ಆಗ ಅದರ ಗುಣ ಗೊತ್ತಾಗತ್ತೆ."

ಶೆಡ್ಡಿನ ಪಾಲುದಾರ ವಿನ್ಸೆಂಟ್ ಒಳಗೆ ಕೂತು ಕೀ ತಿರುಗಿಸುತ್ತಾರೆ. ಎಂಟು ಸಿಲಿಂಡರುಗಳು ಒಂದೊಂದಾಗಿ ಕೆಮ್ಮಿ, ಆಮೇಲೆ ಒಟ್ಟಾಗಿ ಗುಡುಗುತ್ತವೆ. ನನ್ನ ಎದೆಗೂಡು ಅದುರುತ್ತದೆ. ಗಂಗಾಧರ ಮಾತ್ರ ಬಲಗಿವಿಯನ್ನು ಇಂಜಿನ್ನಿನ ಕಡೆ ತಿರುಗಿಸಿ, ಕಣ್ಣು ಮುಚ್ಚಿ, ಸ್ಕ್ರೂಡ್ರೈವರನ್ನು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಗುಡುಗು ನಯವಾಗುತ್ತದೆ. "ಸವಾ, ಫುಂಡಿ?" ಎಂದು ವಿನ್ಸೆಂಟ್ ಕೂಗುತ್ತಾರೆ. ಇಲ್ಲಿ ಮೆಕ್ಯಾನಿಕ್‌ಗೆ ಫುಂಡಿ ಅನ್ನುತ್ತಾರೆ, ಸರಿ ಎನ್ನಲು ಸವಾ. "ಸವಾ ಸವಾ" ಎಂದು ಗಂಗಾಧರ ಬಾನೆಟ್ ಇಳಿಸುತ್ತಾರೆ.

ಅದು ಕಡುನೀಲಿ ಬಣ್ಣದ, ೧೯೬೯ರ ಮಸ್ಟಾಂಗ್. ಅಮೆರಿಕದವರು ಮಸಲ್ ಕಾರು ಎನ್ನುವ ಜಾತಿಯದು: ಮೈ ಉದ್ದ, ಇಂಜಿನ್ ದೊಡ್ಡದು, ಬಾಯಾರಿಕೆ ಅದಕ್ಕಿಂತ ದೊಡ್ಡದು. ಇದರ ಒಡೆಯ ಯಶವಂತ್ ಬೆಂಗಳೂರಿನವರು, ಅಪ್ಪರ್ ಹಿಲ್‌ನ ಬ್ಯಾಂಕೊಂದರಲ್ಲಿ ತಂತ್ರಜ್ಞಾನ ವಿಭಾಗದ ಮುಖ್ಯಸ್ಥರು. ಎರಡು ವರ್ಷದ ಹಿಂದೆ ಆಸೆಪಟ್ಟು ಇದನ್ನು ಕೊಂಡರು. ಊರಾಚೆಯ ಖಾಸಗಿ ಏರ್‌ಸ್ಟ್ರಿಪ್‌ನಲ್ಲಿ ಕಾರುಪ್ರಿಯರ ಗುಂಪೊಂದು ಆಗಾಗ ಓಟ ನಡೆಸುತ್ತದೆ. ಅಲ್ಲಿ ಮೊದಲ ದಿನವೇ ಅವಮಾನ ಕಾದಿತ್ತು. ನಿಂತಲ್ಲಿಂದ ಕಾಲು ಮೈಲಿ ಓಡಲು ಟರ್ಬೊ ಇರುವ ಜಪಾನಿನ ಸುಬಾರು ಕಾರಿಗೆ ೧೪.೮ ಸೆಕೆಂಡು ಸಾಕಾಯಿತು. ಅದರ ಎರಡೂವರೆ ಪಟ್ಟು ದೊಡ್ಡ ಇಂಜಿನ್ನಿನ ಮಸ್ಟಾಂಗ್ ಕಪ್ಪು ಹೊಗೆ ಉಗುಳುತ್ತ ೧೭.೪ ಸೆಕೆಂಡಿಗೆ ಬಂತು.

ಮೂರು ವರ್ಕ್‌ಶಾಪುಗಳಲ್ಲಿ ಒಂದೇ ಉತ್ತರ ಸಿಕ್ಕಿತು: ಹಳೆಯ ಇಂಜಿನ್ ಕಿತ್ತುಹಾಕಿ, ಜಪಾನಿನ ಟರ್ಬೊ ಇಂಜಿನ್ ಕೂರಿಸಿ. ನಾಲ್ಕನೆಯದು ಈ ಶೆಡ್ಡು. ಗಂಗಾಧರ ಸ್ಪಾರ್ಕ್ ಪ್ಲಗ್ ಬಿಚ್ಚಿ, ಅದರ ಮಸಿಯನ್ನು ಬೆರಳಿಗೆ ಹಚ್ಚಿಕೊಂಡು ನೋಡಿ ಹೇಳಿದರು: "ಇಂಜಿನ್ ಚೆನ್ನಾಗಿದೆ ಸಾರ್. ಉಸಿರು ಕಮ್ಮಿ, ಊಟ ಜಾಸ್ತಿ ಆಗಿದೆ, ಅಷ್ಟೇ."

ನೈರೋಬಿ ಸಮುದ್ರಮಟ್ಟದಿಂದ ಐದೂವರೆ ಸಾವಿರ ಅಡಿ ಮೇಲಿದೆ. ಕಡಲ ತೀರದಲ್ಲಿ ಇಂಜಿನ್ನಿಗೆ ನೂರು ಪಾಲು ಗಾಳಿ ಸಿಕ್ಕರೆ ಇಲ್ಲಿ ಸಿಗುವುದು ಎಂಬತ್ಮೂರು ಪಾಲು. ಟರ್ಬೊ ಗಾಳಿಯನ್ನು ಒತ್ತಿ ತುಂಬಿಕೊಂಡು ಕೊರತೆ ನೀಗಿಸಿಕೊಳ್ಳುತ್ತದೆ. ಹೊಸ ಕಾರುಗಳಲ್ಲಿ ಕಂಪ್ಯೂಟರೇ ಪೆಟ್ರೋಲ್ ಕಡಿಮೆ ಮಾಡುತ್ತದೆ. ಗಾಳಿಗೆ ಪೆಟ್ರೋಲ್ ಬೆರೆಸುವ ಹಳೆಯ ಕಾರ್ಬ್ಯುರೇಟರಿಗೆ ಇದು ಯಾವುದೂ ತಿಳಿಯದು. ಕಡಲ ತೀರದ ಲೆಕ್ಕದಲ್ಲೇ ಪೆಟ್ರೋಲ್ ಸುರಿಯುತ್ತದೆ.

ಗಂಗಾಧರ ಇದನ್ನು ಕಲಿತದ್ದು ಮೈಸೂರಿನಲ್ಲಿ. ಹದಿನೇಳನೆಯ ವಯಸ್ಸಿಗೆ ಸೇರಿದ ಗ್ಯಾರೇಜಿಗೆ ಊಟಿಗೆ ಹೋಗುವ ಅಂಬಾಸಿಡರ್ ಟ್ಯಾಕ್ಸಿಗಳು ಬರುತ್ತಿದ್ದವು. ಘಾಟಿ ಏರಿದ ಮೇಲೆ ಗಾಡಿ ಏದುಸಿರು ಬಿಡುತ್ತದೆ ಎಂಬುದೇ ಡ್ರೈವರುಗಳ ದೂರು. "ನಮ್ ಮೇಸ್ತ್ರಿ ಹನುಮಂತಣ್ಣ ಹೇಳೋರು, ಮೇಲಕ್ ಹೋದಂಗೆ ಗಾಳಿ ತೆಳ್ಳಗಾಗತ್ತೆ ಕಣೋ, ಪೆಟ್ರೋಲೂ ತೆಳ್ಳಗೆ ಮಾಡು ಅಂತ. ಅವರು ಓದಿದ್ದು ನಾಕ್ನೇ ಕ್ಲಾಸು."

೧೯೯೮ರಲ್ಲಿ ಗಂಗಾಧರ ಭಾರತೀಯರ ಔಷಧ ಕಾರ್ಖಾನೆಯೊಂದರ ಜನರೇಟರ್ ನೋಡಿಕೊಳ್ಳಲು ನೈರೋಬಿಗೆ ಬಂದರು. ಹದಿಮೂರು ವರ್ಷದ ಆ ಸದ್ದು ಎಡಗಿವಿಯನ್ನು ಪೂರ್ತಿ ಕಸಿದುಕೊಂಡಿತು. ಹೊಸ ಯಂತ್ರಗಳು ಬಂದಾಗ ಕೆಲಸವೂ ಹೋಯಿತು, ಕ್ವಾರ್ಟರ್ಸೂ ಹೋಯಿತು. ಗ್ಯಾರೇಜುಗಳಲ್ಲಿ ಸ್ಕ್ಯಾನರ್ ಹಿಡಿಯಲು ಬರುತ್ತದೆಯೇ ಎಂದು ಕೇಳಿ ವಾಪಸು ಕಳಿಸಿದರು. ಹೆಂಡತಿ ಲೀಲಾ ಕಿಲಿಮಾನಿಯ ಅಪಾರ್ಟ್‌ಮೆಂಟುಗಳಿಗೆ ಊಟದ ಡಬ್ಬಿ ಕಳಿಸಿ ಎರಡು ವರ್ಷ ಮನೆ ನಡೆಸಿದರು. ಅದೇ ಕಾರ್ಖಾನೆಯಿಂದ ಹೊರಬಿದ್ದಿದ್ದ ವಿನ್ಸೆಂಟ್ ಈ ಶೆಡ್ ಹಿಡಿದು, ಮನೆಗೇ ಬಂದು ಕರೆದರು.

ಈಗ ಗಂಗಾಧರರಿಗೆ ಅರವತ್ತೊಂದು. ವರ್ಷಕ್ಕೆ ನಲವತ್ತು ಕಾರ್ಬ್ಯುರೇಟರ್ ಕೈಗೆ ಬಂದರೆ ಹೆಚ್ಚು. ಉಳಿದ ದಿನ ಟ್ಯಾಕ್ಸಿಗಳ ಆಯಿಲ್ ಬದಲಿಸುತ್ತಾರೆ, ಜನರನ್ನು ಸಾಗಿಸುವ ಮಟಾಟು ವ್ಯಾನುಗಳ ಕ್ಲಚ್ ಹಾಕುತ್ತಾರೆ.

ಮಸ್ಟಾಂಗ್‌ಗೆ ಆರು ವಾರ ಹಿಡಿಯಿತು. ಪೆಟ್ರೋಲ್ ಹರಿಯುವ ಹಿತ್ತಾಳೆಯ ಜೆಟ್‌ಗಳನ್ನು ತೆಗೆದು ಸಣ್ಣ ತೂತಿನವನ್ನು ಹಾಕಿದರು, ಕಿಡಿ ಚೂರು ಬೇಗ ಹಾರುವಂತೆ ಮಾಡಿದರು. ಕೊನೆಗೆ ಯಶವಂತ್‌ಗೆ ಹೇಳಿದರು: "ಹದಿನಾರು ಸೆಕೆಂಡ್ ಒಳಗೆ ಬರತ್ತೆ ಸಾರ್. ಸುಬಾರುನ ಹೊಡಿಯಲ್ಲ. ಹೊಡಿಯತ್ತೆ ಅಂತ ನಾನು ಸುಳ್ ಹೇಳಲ್ಲ."

ಏರ್‌ಸ್ಟ್ರಿಪ್‌ನಲ್ಲಿ ಮೊದಲ ಓಟ ೧೬.೧. ಎರಡನೆಯದು ೧೫.೯. ನೋಡುತ್ತಿದ್ದವರು ಚಪ್ಪಾಳೆ ತಟ್ಟಿದರು. ಯಶವಂತ್ ಉಬ್ಬಿಹೋದರು. ಸುಬಾರುವಿನ ಪಕ್ಕದಲ್ಲೇ ನಿಲ್ಲಿಸಿ ಇನ್ನೊಂದು ಓಟ ಓಡುತ್ತೇನೆ ಎಂದರು. ಅಷ್ಟರಲ್ಲಿ ಗಂಗಾಧರ ಮುಂದಿನ ಚಕ್ರದ ಬಳಿ ಕುಕ್ಕರಗಾಲಲ್ಲಿ ಕೂತು ಮೂಗು ಅರಳಿಸಿದರು. ಸುಟ್ಟ ವಾಸನೆ. ಒಳಗೆ ಕೂತು ಬ್ರೇಕ್ ತುಳಿದರು. ಪೆಡಲ್ ಮೊದಲಿಗಿಂತ ಎರಡಿಂಚು ಕೆಳಗಿಳಿಯಿತು. ಕೀ ತೆಗೆದು ಜೇಬಿಗೆ ಹಾಕಿಕೊಂಡು ಹೊರಬಂದರು.

"ಸಾಕು ಸಾರ್ ಇವತ್ತಿಗೆ. ಬ್ರೇಕ್ ಹಿಡಿಯಲ್ಲ."

"ಒಂದೇ ರನ್ ಗಂಗಾಧರಣ್ಣ. ಎಲ್ಲಾ ನೋಡ್ತಿದಾರೆ. ಕೀ ಕೊಡಿ."

"ಕೊಡಲ್ಲ ಸಾರ್."

"ಗಾಡಿ ನಂದು."

"ನಿಮ್ದೇ ಸಾರ್. ನಾಳೆಯಿಂದ ಮುಟ್ಬೇಡ ಅನ್ನಿ, ಮುಟ್ಟಲ್ಲ. ಇವತ್ತು ಕೀ ಮಾತ್ರ ಕೊಡಲ್ಲ."

ಯಶವಂತ್ ಗೆಳೆಯರ ಕಾರಿನಲ್ಲಿ ಹೊರಟುಹೋದರು. ಮಸ್ಟಾಂಗ್ ಟೋ ಲಾರಿಯ ಬೆನ್ನೇರಿ ಶೆಡ್ಡಿಗೆ ಬಂತು. "ಮನೇಲಿ ಲೀಲಂಗೆ ಹೇಳ್ದೆ, ದೊಡ್ಡ ಗಿರಾಕಿ ಹೋದ್ರು ಅಂತ. ಅವಳು, ಹೋದ್ರೆ ಹೋಗ್ಲಿ, ಜೀವ ಉಳಿಸ್ಕೊಂಡ್ ಹೋದ್ರಲ್ಲ ಅಂದ್ಳು."

ಮರುದಿನ ಚಕ್ರ ಬಿಚ್ಚಿದಾಗ ಬ್ರೇಕ್ ಆಯಿಲ್ ಹೋಗುವ ರಬ್ಬರ್ ಪೈಪು ಬುಡದಲ್ಲಿ ಊದಿಕೊಂಡು ಸೀಳು ಬಿಟ್ಟಿತ್ತು. ಇನ್ನೊಂದು ಸಲ ಜೋರಾಗಿ ತುಳಿದಿದ್ದರೆ ಒಡೆಯುತ್ತಿತ್ತು. ಓಟದ ಪಟ್ಟಿ ಮುಗಿಯುವಲ್ಲಿ ಮುಳ್ಳುಬೇಲಿ, ಅದರಾಚೆ ನೋಡಲು ಬಂದ ಜನ. ವಿನ್ಸೆಂಟ್ ಪೈಪಿನ ಫೋಟೊವನ್ನು ಯಶವಂತ್‌ಗೆ ಕಳಿಸಿದರು. ಅವರು ಮಧ್ಯಾಹ್ನವೇ ಬಂದರು, ಸ್ಟೂಲಿನ ಮೇಲೆ ಕೂತು ಪೈಪಿನ ಸೀಳನ್ನು ಬೆರಳಿನಿಂದ ಬಿಡಿಸಿ ನೋಡಿದರು.

"ಆಫೀಸಲ್ಲಿ ನನಗೆ ನೋ ಅನ್ನೋರು ಯಾರೂ ಇಲ್ಲ" ಎಂದು ಯಶವಂತ್ ನನ್ನೊಡನೆ ಹೇಳುತ್ತಾರೆ. "ಅವತ್ತು ಅಷ್ಟು ಜನರ ಮುಂದೆ ಇವರು ನೋ ಅಂದ್ರು. ಕೋಪ ಬಂದಿತ್ತು. ಈಗ ಅದನ್ನ ನೆನೆಸ್ಕೊಂಡ್ರೆ ನಾಚಿಕೆ ಆಗತ್ತೆ."

ಗಂಗಾಧರ ಈ ಹೊಗಳಿಕೆ ಒಪ್ಪುವುದಿಲ್ಲ. "ತಪ್ಪು ನಂದೂ ಇದೆ. ಹೋಗೋಕ್ ಮುಂಚೆ ಪೈಪ್ ನೋಡಿದ್ದೆ, ಹೊರಗಿಂದ ಚೆನ್ನಾಗಿತ್ತು, ಬಿಟ್ಬಿಟ್ಟೆ. ಓಡಿಸೋದರ ಮೇಲೇ ಗ್ಯಾನ ಇತ್ತು. ನಿಲ್ಸೋದನ್ನ ಮೊದಲು ಮಾಡ್ಬೇಕಿತ್ತು."

ಆಮೇಲೆ ಮುಂದಿನ ಚಕ್ರಗಳಿಗೆ ಡಿಸ್ಕ್ ಬ್ರೇಕ್ ಬಂತು, ಪೈಪುಗಳೆಲ್ಲ ಹೊಸವಾದವು. ಕಳೆದ ತಿಂಗಳ ಓಟಕ್ಕೆ ನಾನೂ ಹೋಗಿದ್ದೆ. ಕಾಲು ಮೈಲಿಯಲ್ಲಿ ಸುಬಾರು ಈಗಲೂ ಒಂದು ಸೆಕೆಂಡಿಗಿಂತ ಹೆಚ್ಚು ಮುಂದೆ. ತಿರುವುಗಳಲ್ಲಂತೂ ಹೋಲಿಕೆಯೇ ಇಲ್ಲ. ಆದರೆ ಟಾಪ್ ಗೇರಿನಲ್ಲೇ ಐವತ್ತರಿಂದ ನೂರು ಕಿಲೋಮೀಟರ್ ವೇಗಕ್ಕೆ ಏರುವ ಪರೀಕ್ಷೆಯಲ್ಲಿ ಸುಬಾರುವಿಗೆ ೯.೯ ಸೆಕೆಂಡು ಬೇಕಾಯಿತು, ಮಸ್ಟಾಂಗ್‌ಗೆ ೭.೬. ಟರ್ಬೊ ಎಚ್ಚರಗೊಳ್ಳುವ ಮೊದಲೇ ಹಳೆಯ ದೊಡ್ಡ ಇಂಜಿನ್ ಎಳೆದೊಯ್ದಿತ್ತು. ಎಲ್ಲರೂ ಆ ಅಂಕಿಗೆ ಕುಣಿದರು. ಗಂಗಾಧರ ಟೇಪು ಹಿಡಿದು ಬೇರೆಯದನ್ನೇ ಅಳೆಯುತ್ತಿದ್ದರು: ನೂರರ ವೇಗದಿಂದ ನಿಲ್ಲಲು ಮೊದಲು ಅರವತ್ತೆರಡು ಮೀಟರ್ ಬೇಕಿತ್ತು, ಈಗ ನಲವತ್ತಾರು.

ಇಷ್ಟೆಲ್ಲ ಮಾಡಿದವರಿಗೆ ಏನಾದರೂ ಆಸೆ ಉಳಿದಿದೆಯೇ? ಕೇಳಿದಾಗ ಅವರು ಕೈ ಒರೆಸುವ ಬಟ್ಟೆಯನ್ನು ಮಡಚುತ್ತ ಸ್ವಲ್ಪ ನಾಚಿಕೊಳ್ಳುತ್ತಾರೆ.

"ಒಂದ್ ಸಲ ಇದನ್ನ ಮೊಂಬಾಸಾಕ್ಕೆ ಇಳಿಸ್ಬೇಕು ಸಾರ್, ಸಮುದ್ರದ ಹತ್ರ. ದೊಡ್ಡ ಜೆಟ್ ವಾಪಸ್ ಹಾಕಿ, ಹೊಟ್ಟೆ ತುಂಬಾ ಗಾಳಿ ಕೊಟ್ಟು ನೋಡ್ಬೇಕು."

"ಆಗ ಸುಬಾರುವನ್ನು ಸೋಲಿಸಬಹುದಾ?"

"ಅವತ್ತೊಂದ್ ದಿನ ಯಾವ ಗಾಡಿಗೂ ಹೋಲಿಸ್ಬಾರ್ದು" ಎನ್ನುತ್ತಾರೆ ಗಂಗಾಧರ. "ಸುಮ್ನೆ ಪಕ್ಕದಲ್ಲಿ ನಿಂತು ಕೇಳ್ಬೇಕು."